ಪರದೇಶದ ಹೊಸ್ತಿಲು ದಾಟಿದ ಹೆಣ್ಣುಮಕ್ಕಳು
ಜಪಾನಿನ ವಲಸೆ ಸ್ತ್ರೀಯರ ಬದುಕಿನಿಂದ ನಮ್ಮ ಮನೆಗಳು ಕಲಿಯಬೇಕಾದುದು

‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆ ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಮದುವೆ ಮಾಡಿಕೊಟ್ಟ ಮೇಲೆ ಮಗಳ ಸುಖದುಃಖಗಳೆಲ್ಲ ಗಂಡನ ಮನೆಗೆ ಸೇರಿದವು ಎಂಬ ಭಾವನೆ ಈ ಮಾತಿನ ಹಿಂದಿದೆ. ಕೊಟ್ಟ ಮನೆ ಪಕ್ಕದ ತಾಲ್ಲೂಕಿನಲ್ಲಿ ಇರುತ್ತಿದ್ದ ಕಾಲದಲ್ಲಿ ಈ ಗಾದೆಯ ಕಾಠಿಣ್ಯ ಅಷ್ಟಾಗಿ ತಟ್ಟುತ್ತಿರಲಿಲ್ಲ. ಪಂಚಮಿಗೋ ಜಾತ್ರೆಗೋ ಅಣ್ಣನೊಬ್ಬ ಹೋಗಿ ತಂಗಿಯನ್ನು ಕರೆತರುತ್ತಿದ್ದ. ಮಗಳ ಮುಖ ನೋಡಿದೊಡನೆ ತಾಯಿಗೆ ಹೇಳದೆಯೇ ಎಲ್ಲವೂ ತಿಳಿಯುತ್ತಿತ್ತು. ಆದರೆ ಕೊಟ್ಟ ಮನೆ ಸಾಗರದಾಚೆ ಇದ್ದರೆ? ಅಣ್ಣ ಯಾವ ಬಸ್ಸು ಹತ್ತಿ ಹೋಗಬೇಕು?

ಈಚೆಗೆ ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಲ್ಲಿ ನಮಗೆ ಆತ್ಮೀಯರಾದವರೊಬ್ಬರ ಮನೆಗೆ ಹೋಗಿದ್ದೆವು. ಮಗಳು ಮದುವೆಯಾಗಿ ಅಮೆರಿಕಕ್ಕೆ ಹೊರಡುವ ಸಿದ್ಧತೆ ನಡೆದಿತ್ತು. ನಡುಮನೆಯಲ್ಲಿ ಎರಡು ದೊಡ್ಡ ಪೆಟ್ಟಿಗೆಗಳು. ಒಂದೊಂದಕ್ಕೆ 23 ಕಿಲೋ ಮಿತಿ. ರಾಗಿ ಹಿಟ್ಟು, ಹುರುಳಿಕಾಳು, ಸಾರಿನ ಪುಡಿ, ಶೇಂಗಾ ಚಟ್ನಿಪುಡಿ, ವಿಭೂತಿ ಗಟ್ಟಿ, ಹೊಸ ಶಿವದಾರ — ಒಂದನ್ನು ಇಟ್ಟರೆ ಇನ್ನೊಂದನ್ನು ತೆಗೆಯಬೇಕು. ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿದ ತಾಯಿ ಕೊನೆಗೆ ಸೋತು ಕುಳಿತು, “ಬೇಕಾದ್ದೆಲ್ಲಾ ಇಟ್ಟಿದೀನಿ, ಆದ್ರೂ ಮುಖ್ಯವಾದ್ದೇನೋ ಮರೆತ ಹಾಗಿದೆ. ಏನು ಅಂತ ಹೊಳೀತಾ ಇಲ್ಲ, ನೀವಾದರೂ ಹೇಳಿ” ಎಂದರು. ನಮಗೆ ಅಂದು ಉತ್ತರ ತೋಚಲಿಲ್ಲ. ಮನೆಗೆ ಬಂದ ಮೇಲೂ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಈ ಲೇಖನ ಆ ತಾಯಿಗೆ, ಅಂಥ ಎಲ್ಲ ತಾಯಂದಿರಿಗೆ ನಾವು ತಡವಾಗಿ ಕೊಡುತ್ತಿರುವ ಉತ್ತರ.

ವಲಸೆ ನಮಗೆ ಹೊಸದಲ್ಲ

ಬ್ಯಾಡರಹಳ್ಳಿಯನ್ನೇ ನೋಡಿ. ರಾಗಿ ಹೊಲಗಳ ನಡುವಿನ ಹಳ್ಳಿಯಾಗಿದ್ದ ಈ ಊರು ಇಂದು ಬೆಂಗಳೂರಿನ ಒಡಲಿಗೆ ಸೇರಿಹೋಗಿದೆ. ಇಲ್ಲಿನ ಬಡಾವಣೆಗಳಲ್ಲಿ ನೆಲೆಸಿರುವ ಅನೇಕ ಕುಟುಂಬಗಳು ಪೀಣ್ಯ, ರಾಜಾಜಿನಗರಗಳ ಕಾರ್ಖಾನೆಗಳಲ್ಲಿ ದುಡಿಮೆ ಅರಸಿ ತುಮಕೂರು, ಹಾಸನ, ಚಿತ್ರದುರ್ಗ, ದಾವಣಗೆರೆಯ ಕಡೆಯಿಂದ ಬಂದವು. ಗಂಡ ಮೊದಲು ಬಂದು ಬಾಡಿಗೆ ಕೋಣೆ ಹಿಡಿದ. ಹೆಂಡತಿ ಅನಂತರ ಬಂದು ಅದನ್ನು ಮನೆಯಾಗಿಸಿದಳು. ಇಂದು ಮಗಳನ್ನು ವಿಮಾನ ಹತ್ತಿಸುತ್ತಿರುವ ತಾಯಿಯೂ ಒಂದು ಕಾಲಕ್ಕೆ ಅಪರಿಚಿತ ಊರಿಗೆ ಬಂದಿಳಿದ ಸೊಸೆಯೇ.

ಹನ್ನೆರಡನೆಯ ಶತಮಾನದ ಕಲ್ಯಾಣವೂ ವಲಸೆ ಬಂದವರ ನಗರವಾಗಿತ್ತು. ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಪತಿಯೊಡನೆ ಕಲ್ಯಾಣಕ್ಕೆ ಬಂದ ಮಹಾದೇವಿಯಮ್ಮ, ಮೋಳಿಗೆಯ ಮಾರಯ್ಯನವರ ಕಟ್ಟಿಗೆಯ ಕಾಯಕಕ್ಕೆ ಜೊತೆಯಾದರೆಂದು ಪರಂಪರೆ ಹೇಳುತ್ತದೆ. ಅಮರೇಶ್ವರದ ಕಡೆಯಿಂದ ಬಂದ ಆಯ್ದಕ್ಕಿ ಲಕ್ಕಮ್ಮ, ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಪತಿಯನ್ನೇ ತಿದ್ದಿದರು. ಇವರಿಬ್ಬರೂ ಪತಿಯ ಜೊತೆಗೆ ಬಂದವರು, ಆದರೆ ಪತಿಯ ನೆರಳಾಗಿ ಉಳಿದವರಲ್ಲ. ಅವರಿಗೆ ತಮ್ಮದೇ ಕಾಯಕವಿತ್ತು, ತಮ್ಮದೇ ಮಾತಿತ್ತು. ಈ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಒಂದೇ ಚಿತ್ರದಲ್ಲಿ ಎರಡು ದೇಶ

1885ರ ಅಕ್ಟೋಬರ್ 10ರಂದು ಅಮೆರಿಕದ ಫಿಲಡೆಲ್ಫಿಯಾ ನಗರದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ತೆಗೆದ ಛಾಯಾಚಿತ್ರವೊಂದಿದೆ. ತಮ್ಮ ತಮ್ಮ ದೇಶದ ಉಡುಗೆ ತೊಟ್ಟ ಮೂವರು ವಿದ್ಯಾರ್ಥಿನಿಯರು ಅದರಲ್ಲಿದ್ದಾರೆ. ಸೀರೆಯುಟ್ಟವರು ಆನಂದಿಬಾಯಿ ಜೋಶಿ. 1886ರಲ್ಲಿ ಪದವಿ ಪಡೆದು, ಕೊಲ್ಹಾಪುರದ ಆಸ್ಪತ್ರೆಗೆ ನೇಮಕಗೊಂಡರೂ ಕ್ಷಯರೋಗಕ್ಕೆ ತುತ್ತಾಗಿ 1887ರಲ್ಲಿ ತೀರಿಕೊಂಡವರು. ಕಿಮೋನೊ ತೊಟ್ಟವರು ಜಪಾನಿನ ಕೆಯಿ ಓಕಾಮಿ. 1889ರಲ್ಲಿ ಪದವಿ ಪಡೆದು ಸ್ವದೇಶಕ್ಕೆ ಮರಳಿ ವೈದ್ಯೆಯಾಗಿ ದುಡಿದವರು. ಮೂರನೆಯವರು ಸಿರಿಯಾ ದೇಶದವರು. ಭಾರತ, ಜಪಾನುಗಳ ಈ ಇಬ್ಬರೂ ವಿವಾಹಿತೆಯರು. ಪರದೇಶ ಇವರಿಗೆ ವಿದ್ಯೆಯನ್ನು ಕೊಟ್ಟಿತು.

ಆದರೆ ಇದೇ 1885ರಲ್ಲಿ ಜಪಾನಿನಿಂದ ಮತ್ತೊಂದು ಹಡಗು ಹವಾಯಿ ದ್ವೀಪಗಳನ್ನು ತಲುಪಿತು. ಅದರಲ್ಲಿದ್ದವರು ಕಬ್ಬಿನ ತೋಟಗಳ ದುಡಿಮೆಗೆ ಕರಾರು ಮಾಡಿಕೊಂಡ ಕೃಷಿ ಕಾರ್ಮಿಕರು. ಮುಂದಿನ ಕಥೆ ಈ ದುಡಿಯುವ ಜನರದು, ಅವರನ್ನು ಹಿಂಬಾಲಿಸಿ ಹೋದ ಸ್ತ್ರೀಯರದು.

ಭಾವಚಿತ್ರ ನೋಡಿ ಮದುವೆಯಾದವರು

1907–08ರಲ್ಲಿ ಜಪಾನ್ ಮತ್ತು ಅಮೆರಿಕ ಸರ್ಕಾರಗಳ ನಡುವೆ ಒಂದು ಒಪ್ಪಂದವಾಯಿತು. ಹೊಸ ಕೂಲಿಕಾರರಿಗೆ ರಹದಾರಿ ಕೊಡಬಾರದು. ಆದರೆ ಈಗಾಗಲೇ ಅಲ್ಲಿ ನೆಲೆಸಿದವರ ಹೆಂಡಿರು ಮಕ್ಕಳು ಹೋಗಬಹುದು. ಅಲ್ಲಿದ್ದ ಬಹುಮಂದಿ ಗಂಡಸರು ಅವಿವಾಹಿತರು. ಊರಿಗೆ ಬಂದು ಮದುವೆಯಾಗಿ ಹೋಗಲು ಹಣವೂ ಇಲ್ಲ, ರಜೆಯೂ ಇಲ್ಲ. ಹೀಗಾಗಿ ಹಿರಿಯರು, ಮಧ್ಯಸ್ಥರು ಭಾವಚಿತ್ರಗಳನ್ನು ಅತ್ತಿಂದಿತ್ತ ಕಳುಹಿಸಿ ಸಂಬಂಧ ಕುದುರಿಸತೊಡಗಿದರು. ಊರಿನ ಕುಟುಂಬ ದಾಖಲೆಯಲ್ಲಿ ವಧುವಿನ ಹೆಸರನ್ನು ವರನ ಮನೆತನಕ್ಕೆ ಸೇರಿಸಿದರೆ ಮದುವೆ ಮುಗಿಯಿತು. ವರ ಅಲ್ಲಿರಬೇಕಾದ ಅಗತ್ಯವೇ ಇರಲಿಲ್ಲ. 1920ರಲ್ಲಿ ಜಪಾನ್ ಸರ್ಕಾರ ಇಂಥ ವಧುಗಳಿಗೆ ರಹದಾರಿ ನಿಲ್ಲಿಸುವವರೆಗೆ ಹತ್ತು ಸಾವಿರಕ್ಕೂ ಮಿಗಿಲಾದ ಹೆಣ್ಣುಮಕ್ಕಳು ಹೀಗೆ ಸಾಗರ ದಾಟಿದರು. ಇತಿಹಾಸ ಅವರನ್ನು ‘ಭಾವಚಿತ್ರದ ವಧುಗಳು’ ಎಂದೇ ಕರೆಯುತ್ತದೆ.

ಹೊನಲುಲುವಿನಲ್ಲಿಯೂ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜೆಲ್ ದ್ವೀಪದಲ್ಲಿಯೂ ಹಡಗು ನಿಂತಾಗ, ಕೈಯಲ್ಲಿ ಚಿತ್ರ ಹಿಡಿದು ಆ ಮುಖವನ್ನು ಹುಡುಕುತ್ತ ನಿಂತ ಯುವತಿಯರ ಮನಃಸ್ಥಿತಿಯನ್ನು ಊಹಿಸಿಕೊಳ್ಳಿ. ಕೆಲವರಿಗೆ ಹೊಂದಿಕೆಯಾಯಿತು. ಕೆಲವರಿಗೆ ಮೋಸವಾಯಿತು. ಹತ್ತು ವರ್ಷ ಹಿಂದಿನ ಚಿತ್ರ ಕಳುಹಿಸಿದವರಿದ್ದರು, ಗೆಳೆಯನ ಚಿತ್ರ ಕಳುಹಿಸಿದವರಿದ್ದರು, ಕೂಲಿಯವನಾಗಿದ್ದು ಜಮೀನ್ದಾರನೆಂದು ಬರೆದವರೂ ಇದ್ದರು. ಮರಳಿ ಹೋಗಲು ಹಣವಿಲ್ಲ. ಹೋದರೂ ತವರಿಗೆ ಅವಮಾನ. ಬಹುಪಾಲು ಸ್ತ್ರೀಯರು ಕಣ್ಣೊರೆಸಿಕೊಂಡು ಗಂಡನ ಹಿಂದೆ ನಡೆದರು.

ನಾವು ನಗಬಾರದು. ನಮ್ಮಲ್ಲಿಯೂ ಎರಡು ವಾರದ ರಜೆಯಲ್ಲಿ ಬಂದ ವರನನ್ನು ಒಂದು ಸಂಜೆ ನೋಡಿ, ಸಂಬಳದ ಅಂಕಿಯನ್ನು ಡಾಲರಿನಲ್ಲಿ ಕೇಳಿ, ಮುಂದಿನ ವಾರ ಲಗ್ನ ನಿಶ್ಚಯಿಸಿದ ಮನೆಗಳಿಲ್ಲವೇ? ಭಾವಚಿತ್ರದ ಬದಲು ಈಗ ದೂರವಾಣಿಯ ಪರದೆಯ ಮೇಲೆ ಮುಖ ಕಾಣುತ್ತದೆ. ಕಾಣುವುದು ಹೆಚ್ಚಿದೆ, ತಿಳಿಯುವುದು ಹೆಚ್ಚಿದೆಯೆಂದು ಹೇಳಲಾರೆವು.

ಹೊಲ, ಹಾಡು, ಚೀಟಿ

ಹವಾಯಿಯ ತೋಟಗಳಲ್ಲಿ ಆ ಸ್ತ್ರೀಯರು ಕಬ್ಬಿನ ಒಣರವದೆ ಸುಲಿದರು, ಕಳೆ ಕಿತ್ತರು. ಒಂದೇ ಬಿಸಿಲಿನಲ್ಲಿ ದುಡಿದರೂ ಗಂಡಸರಿಗಿಂತ ಕಡಿಮೆ ಕೂಲಿ ಪಡೆದರು. ಕೂಸನ್ನು ಬೆನ್ನಿಗೆ ಕಟ್ಟಿಕೊಂಡೇ ಹೊಲಕ್ಕೆ ಹೋದವರು ಅನೇಕರು. ಸಂಜೆ ಮರಳಿದ ಮೇಲೆ ಅವಿವಾಹಿತ ಕೂಲಿಕಾರರ ಬಟ್ಟೆ ಒಗೆದು, ಅಡಿಗೆ ಮಾಡಿಕೊಟ್ಟು ನಾಲ್ಕು ಕಾಸು ಕೂಡಿಸಿದರು. ರವದೆ ಸುಲಿಯುವ ಹೊತ್ತಿನಲ್ಲಿ ಅವರು ಹಾಡಿಕೊಂಡ ‘ಹೋಲೆ ಹೋಲೆ ಬುಶಿ’ ಎಂಬ ಹಾಡುಗಳು ಇಂದಿಗೂ ಉಳಿದಿವೆ. ಊರಿನ ಹಳೆಯ ಧಾಟಿ, ಹೊಸ ನೆಲದ ನೋವು. ನಮ್ಮ ಗರತಿಯರು ಬೀಸುವ ಕಲ್ಲಿನ ಮುಂದೆ ತವರನ್ನು ನೆನೆದು ಹಾಡಿಕೊಂಡಂತೆ, ಕೇಳುವವರಿಲ್ಲದ ದುಃಖವನ್ನು ಅವರು ಹಾಡಿಗೆ ಒಪ್ಪಿಸಿದರು.

ಆದರೆ ಅವರು ಹಾಡಿನಲ್ಲಿಯೇ ನಿಲ್ಲಲಿಲ್ಲ. ಬೌದ್ಧ ಮಂದಿರಗಳ ಆಶ್ರಯದಲ್ಲಿ ‘ಫುಜಿನ್‌ಕಾಯ್’ ಎಂಬ ಸ್ತ್ರೀಯರ ಕೂಟಗಳು ಬೆಳೆದವು. ನಮ್ಮ ಅಕ್ಕನ ಬಳಗಗಳನ್ನು ಬಲ್ಲವರಿಗೆ ಇದರ ಸ್ವರೂಪವನ್ನು ವಿವರಿಸಬೇಕಿಲ್ಲ. ಬ್ಯಾಂಕುಗಳ ಬಾಗಿಲು ಸುಲಭವಾಗಿ ತೆರೆಯದ ನಾಡಿನಲ್ಲಿ ಆ ಜನ ‘ತಾನೊಮೊಶಿ’ ಎಂಬ ವ್ಯವಸ್ಥೆ ನಡೆಸಿದರು. ಪ್ರತಿಯೊಬ್ಬರೂ ತಿಂಗಳಿಗಿಷ್ಟು ಹಾಕಿ, ಸರದಿಯಂತೆ ಒಬ್ಬರು ಒಟ್ಟು ಮೊತ್ತ ಎತ್ತಿಕೊಳ್ಳುವುದು. ಅಂದರೆ ನಮ್ಮ ಚೀಟಿಯೇ. ಸಣ್ಣ ಅಂಗಡಿಗಳು, ಬಟ್ಟೆ ಒಗೆಯುವ ಅಂಗಡಿಗಳು, ವಸತಿಗೃಹಗಳು ಈ ಹಣದಿಂದ ತಲೆಯೆತ್ತಿದವು. ಮಕ್ಕಳಿಗೆ ತಾಯ್ನುಡಿ ಮರೆಯಬಾರದೆಂದು, ಸರ್ಕಾರಿ ಶಾಲೆ ಬಿಟ್ಟ ಮೇಲೆ ಜಪಾನಿ ಪಾಠಶಾಲೆಗಳು ನಡೆದವು. ಗಂಡ ತಂದದ್ದು ಕೂಲಿ. ಅದನ್ನು ಸಮಾಜವಾಗಿ ಕಟ್ಟಿದವಳು ಹೆಂಡತಿ.

ಕಾನೂನಿನ ಗೋಡೆ

ಬೆವರು ಬೇಕು, ಬೆವರು ಸುರಿಸಿದವರು ಬೇಡ ಎಂಬ ನೀತಿ ಆ ದೇಶದಲ್ಲಿ ಅಂದು ನಡೆದಿತ್ತು. 1913ರ ಕ್ಯಾಲಿಫೋರ್ನಿಯದ ಕಾಯಿದೆ, ಪೌರತ್ವಕ್ಕೆ ಅರ್ಹರಲ್ಲದ ವಿದೇಶೀಯರು ಕೃಷಿಭೂಮಿ ಕೊಳ್ಳದಂತೆ ಮಾಡಿತು. 1922ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಟಕಾವೊ ಒಜಾವಾ ಎಂಬುವರ ಮೊಕದ್ದಮೆಯಲ್ಲಿ ಜಪಾನೀಯರು ಪೌರತ್ವಕ್ಕೆ ಅರ್ಹರಲ್ಲವೆಂದಿತು. ಸುಮಾರು ಮೂರು ತಿಂಗಳ ಬಳಿಕ, 1923ರಲ್ಲಿ, ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಭಾರತೀಯರಿಗೂ ಅದೇ ತೀರ್ಪು ಬಂದಿತು. ಜಪಾನೀಯರ ದುಃಖ ನಮಗೆ ಸಂಬಂಧಿಸಿದ್ದಲ್ಲ ಎಂದುಕೊಂಡವರು ಈ ಎರಡು ಇಸವಿಗಳನ್ನು ಜೊತೆಗಿಟ್ಟು ನೋಡಬೇಕು.

ಈ ತೀರ್ಪಿನ ಪೆಟ್ಟು ತಿಂದ ಭಾರತೀಯ ಸ್ತ್ರೀಯೊಬ್ಬರ ಹೆಸರು ಕಲಾ ಬಗಾಯ್. 1915ರಲ್ಲಿ ಪತಿ ಮತ್ತು ಮೂವರು ಗಂಡುಮಕ್ಕಳೊಡನೆ ಸ್ಯಾನ್ ಫ್ರಾನ್ಸಿಸ್ಕೋ ಸೇರಿದವರು. ಬರ್ಕ್ಲಿಯಲ್ಲಿ ಕೊಂಡ ಮನೆಗೆ ಕಾಲಿಡಲು ನೆರೆಹೊರೆಯವರು ಬಿಡಲಿಲ್ಲ. ಪೌರತ್ವ ಕಸಿದುಕೊಂಡ ಮೇಲೆ ಪತಿ ವೈಷ್ಣೋದಾಸ್ ಬಗಾಯ್ 1928ರಲ್ಲಿ ಪ್ರಾಣ ಕಳೆದುಕೊಂಡರು. ಇಂಗ್ಲಿಷು ಅಷ್ಟಾಗಿ ಬಾರದ ಆ ವಿಧವೆ ಮೂವರು ಮಕ್ಕಳನ್ನು ಓದಿಸಿ, ಮುಂದೆ ಅಲ್ಲಿಗೆ ಬಂದ ಭಾರತೀಯರಿಗೆಲ್ಲ ತಾಯಿಯಂತಿದ್ದು, 1983ರಲ್ಲಿ ಕಾಲವಾದರು. ಅಂದು ಅವರನ್ನು ಒಳಗೆ ಬಿಡದ ಬರ್ಕ್ಲಿಯ ಬೀದಿಯೊಂದಕ್ಕೆ ಇಂದು ಅವರ ಹೆಸರಿದೆ.

ಜಪಾನಿ ಕುಟುಂಬಗಳ ಕಷ್ಟ ಅಲ್ಲಿಗೇ ಮುಗಿಯಲಿಲ್ಲ. 1942ರ ಫೆಬ್ರವರಿ 19ರಂದು ಹೊರಟ ಅಧ್ಯಕ್ಷರ ಆಜ್ಞೆಯಿಂದಾಗಿ ಸುಮಾರು 1,20,000 ಜನ ಜಪಾನಿ ಮೂಲದವರು ಶಿಬಿರಗಳಿಗೆ ದೂಡಲ್ಪಟ್ಟರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಲ್ಲಿಯೇ ಹುಟ್ಟಿದ ಪೌರರು. ಕೈಯಲ್ಲಿ ಹಿಡಿದುಕೊಂಡು ಹೋಗಬಹುದಾದಷ್ಟನ್ನೇ ಒಯ್ಯಬೇಕು. ಮೂವತ್ತು ವರ್ಷ ಕಟ್ಟಿದ ಮನೆಯನ್ನು ಕೆಲವೇ ದಿನಗಳಲ್ಲಿ ಮಾರಿ, ಒಂದೆರಡು ಗಂಟುಗಳಲ್ಲಿ ಬದುಕನ್ನು ತುಂಬಬೇಕಾದ ತಾಯಂದಿರು ಏನನ್ನು ಇಟ್ಟಿರಬಹುದು, ಏನನ್ನು ಬಿಟ್ಟಿರಬಹುದು! ಶಿಬಿರದಲ್ಲಿ ಸ್ವಂತ ಒಲೆಯಿಲ್ಲ. ಎಲ್ಲರಿಗೂ ಸಾಮೂಹಿಕ ಭೋಜನಶಾಲೆ. ಮಕ್ಕಳು ಗೆಳೆಯರೊಡನೆ ಒಂದು ಕಡೆ, ತಂದೆ ಇನ್ನೊಂದು ಕಡೆ ಉಣ್ಣತೊಡಗಿದರು. ಒಟ್ಟಿಗೆ ಕುಳಿತು ಉಣ್ಣುವುದು ನಿಂತೊಡನೆ ಮನೆತನದ ಕಟ್ಟು ಸಡಿಲಿತು. ದಾಸೋಹದ ಪರಂಪರೆಯಲ್ಲಿ ಬೆಳೆದ ನಮಗೆ, ಒಲೆ ಕಳೆದುಕೊಂಡ ಗೃಹಿಣಿಯ ಸಂಕಟ ಬೇಗ ಅರ್ಥವಾಗುತ್ತದೆ.

1952ರಲ್ಲಿ ಮೊದಲ ತಲೆಮಾರಿನವರಿಗೆ ಪೌರತ್ವದ ಹಕ್ಕು ದೊರೆಯಿತು. 1988ರಲ್ಲಿ ಅಮೆರಿಕ ಸರ್ಕಾರ ತಪ್ಪೊಪ್ಪಿಕೊಂಡು, ಬದುಕುಳಿದಿದ್ದ ಪ್ರತಿಯೊಬ್ಬ ಸೆರೆಶಿಬಿರವಾಸಿಗೂ 20,000 ಡಾಲರ್ ಪರಿಹಾರ ನೀಡುವ ಕಾಯಿದೆ ಮಾಡಿತು. ಅಷ್ಟು ಹೊತ್ತಿಗೆ ಚಿತ್ರ ಹಿಡಿದು ಬಂದಿಳಿದಿದ್ದ ಬಹುಮಂದಿ ವಧುಗಳು ಮಣ್ಣು ಸೇರಿದ್ದರು.

ನಮ್ಮ ಹೆಣ್ಣುಮಕ್ಕಳ ಪಾಡು

1965ರಲ್ಲಿ ಅಮೆರಿಕದ ವಲಸೆ ಕಾಯಿದೆ ಬದಲಾದ ಮೇಲೆ ನಮ್ಮ ನಾಡಿನ ವೈದ್ಯರು, ಎಂಜಿನಿಯರುಗಳು ಅಲ್ಲಿಗೆ ಹೋಗತೊಡಗಿದರು. ಜೊತೆಗೆ ಹೋದ ಸ್ತ್ರೀಯರ ಕಾಲಕ್ಕೆ ತವರಿನ ಸುದ್ದಿಯೆಂದರೆ ನೀಲಿ ಬಣ್ಣದ ಏರೋಗ್ರಾಂ ಪತ್ರ ಮಾತ್ರ. ಆ ತಲೆಮಾರಿನವರೇ ಕನ್ನಡ ಕೂಟಗಳನ್ನು ಕಟ್ಟಿದರು. 1978ರಲ್ಲಿ ಉತ್ತರ ಅಮೆರಿಕದ ವೀರಶೈವ ಸಮಾಜ ಸ್ಥಾಪನೆಯಾಯಿತು. 1980ರ ದಶಕದಲ್ಲಿ ಹರಿಹರೇಶ್ವರ ಮತ್ತು ನಾಗಲಕ್ಷ್ಮಿ ದಂಪತಿಗಳು ‘ಅಮೆರಿಕನ್ನಡ’ ಪತ್ರಿಕೆಯನ್ನು ಹೊರತಂದರು. ಇಂದು ಅನೇಕ ಊರುಗಳಲ್ಲಿ ವಾರದ ಕೊನೆಗೆ ‘ಕನ್ನಡ ಕಲಿ’ ತರಗತಿಗಳು ನಡೆಯುತ್ತವೆ. ಅವುಗಳಲ್ಲಿ ಪಾಠ ಹೇಳುವವರಲ್ಲಿ ತಾಯಂದಿರು ಬಹಳ. ಗುಡಿ ಕಟ್ಟುವವರೆಗೆ ಕಾಯಬೇಕಾದ ಅವಶ್ಯಕತೆ ನಮ್ಮ ಹೆಣ್ಣುಮಕ್ಕಳಿಗಿರಲಿಲ್ಲ. ಅಂಗೈಯ ಲಿಂಗ ಅವರೊಡನೆಯೇ ಸಾಗರ ದಾಟಿತ್ತು.

ಆದರೆ ತೊಂಬತ್ತರ ದಶಕದಿಂದ ಗಣಕಯಂತ್ರದ ಉದ್ಯೋಗಕ್ಕೆ ತಾತ್ಕಾಲಿಕ ವೀಸಾದ ಮೇಲೆ ಹೋಗುತ್ತಿರುವವರ ಹೆಂಡಿರ ಸ್ಥಿತಿ ಬೇರೆಯೇ. ಗಂಡನಿಗೆ ಎಚ್-1ಬಿ, ಹೆಂಡತಿಗೆ ಎಚ್-4. ಈ ಎರಡನೆಯದು ಅವಲಂಬಿತರ ವೀಸಾ. ಎಂಜಿನಿಯರಿಂಗ್ ಓದಿದವಳಾದರೂ, ಬೆಂಗಳೂರಿನಲ್ಲಿ ಸಂಬಳ ಎಣಿಸಿದವಳಾದರೂ, ಆ ವೀಸಾದ ಮೇಲೆ ಒಂದು ದಿನವೂ ದುಡಿಯುವಂತಿರಲಿಲ್ಲ. 2015ರ ಮೇ ತಿಂಗಳಿಂದ, ಗಂಡನ ಕಾಯಂ ನಿವಾಸದ ಅರ್ಜಿ ಒಂದು ಹಂತ ದಾಟಿದ ಮೇಲೆ ಕೆಲಸದ ಅನುಮತಿ ಕೇಳುವ ಅವಕಾಶ ಬಂದಿದೆ. ಉಳಿದವರಿಗೆ ಹಳೆಯ ನಿರ್ಬಂಧವೇ. ಒಂದೊಂದು ದೇಶದವರಿಗೆ ಇಷ್ಟೇ ಎಂಬ ಮಿತಿಯಿರುವುದರಿಂದ ಭಾರತೀಯರ ಸರದಿ ಬಹಳ ಉದ್ದ. ಗಂಡನ ಕೆಲಸ ಹೋದರೆ ಹೆಂಡತಿಯ ವಾಸದ ಹಕ್ಕೂ ಹೋಗುತ್ತದೆ. ಸಂಸಾರ ಮುರಿದರೆ ವೀಸಾ ಕೂಡ ಮುರಿಯುತ್ತದೆ. ತವರಿನಲ್ಲಿ ‘ಕುಲಕ್ಕೆ ಹೊರಗು’, ಅಲ್ಲಿ ‘ಅವಲಂಬಿತೆ’: ಹಾಗಾದರೆ ಅವಳು ಎಲ್ಲಿಗೆ ಸೇರಿದವಳು?

ಇದು ಅನ್ಯರ ದೋಷವೆಂದು ಮಾತ್ರ ಹೇಳಿ ನಾವು ಪಾರಾಗುವಂತಿಲ್ಲ. ಬ್ಯಾಡರಹಳ್ಳಿಯಿಂದ ನೈಸ್ ರಸ್ತೆ ಹಿಡಿದು ಮೈಸೂರು ರಸ್ತೆಗೆ ಸೇರಿದರೆ ಮುಂದೆ ಬಿಡದಿ. 1997ರಲ್ಲಿ ಸ್ಥಾಪನೆಯಾಗಿ 1999ರಲ್ಲಿ ಉತ್ಪಾದನೆ ಆರಂಭಿಸಿದ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ ಅಲ್ಲಿದೆ. ಇಂಥ ಉದ್ಯಮಗಳ ಜೊತೆಗೆ ಜಪಾನಿ ಕುಟುಂಬಗಳೂ ಬೆಂಗಳೂರಿಗೆ ಬಂದವು. ಪತಿಯ ವರ್ಗಾವಣೆಯ ಬೆನ್ನಿಗೆ ಬಂದ ಆ ಗೃಹಿಣಿಯರಿಗೂ ನಮ್ಮ ಸರ್ಕಾರ ಕೊಡುವ ಪ್ರವೇಶ ವೀಸಾ ಉದ್ಯೋಗಕ್ಕೆ ಅವಕಾಶ ಕೊಡುವುದಿಲ್ಲ. 2005ರಿಂದ ನಗರದಲ್ಲಿ ನಡೆದುಬಂದ ‘ಜಪಾನ್ ಹಬ್ಬ’ದಲ್ಲಿ ಅವರ ಕಿಮೋನೊ ಕಂಡು ಮೆಚ್ಚುತ್ತೇವೆ, ನೆರೆಮನೆಗೆ ಬಂದರೆ ಬಾಗಿಲು ತಟ್ಟಿ ಕುಶಲ ಕೇಳುತ್ತೇವೆಯೇ? ಬಂದವರನ್ನು ನಮ್ಮವರೆಂದು ಬಗೆಯಲು ಕಲಿಸಿದ ಬಸವಣ್ಣನವರ ಮಕ್ಕಳಾದ ನಮಗೆ, ನಮ್ಮ ಮಗಳಿಗೆ ಅಲ್ಲಿ ಸಿಗಲೆಂದು ಹಾರೈಸುವ ಒಂದು ಲೋಟ ನೀರನ್ನು ಇಲ್ಲಿಗೆ ಬಂದ ಬೇರೊಬ್ಬರ ಮಗಳಿಗೆ ಕೊಡುವುದು ಕಷ್ಟವಾಗಬಾರದು.

ಪೆಟ್ಟಿಗೆಯಲ್ಲಿ ಮರೆತದ್ದು

ಇನ್ನು ಆ ತಾಯಿಯ ಪ್ರಶ್ನೆಗೆ ಬರೋಣ. ಪರದೇಶದ ಸಂಬಂಧವೇ ಬೇಡವೆಂಬುದು ನಮ್ಮ ಅಭಿಪ್ರಾಯವಲ್ಲ. ಅಲ್ಲಿ ಸುಖವಾಗಿ ಬಾಳುತ್ತಿರುವ ನಮ್ಮ ಹೆಣ್ಣುಮಕ್ಕಳು ಅನೇಕರಿದ್ದಾರೆ. ಆದರೆ ಮನೆಯವರು ಕೆಲವು ಎಚ್ಚರಿಕೆಗಳನ್ನು ವಹಿಸಲೇಬೇಕು.

ಮೊದಲನೆಯದು, ವರನ ಉದ್ಯೋಗ, ವಿಳಾಸ, ವೀಸಾದ ಬಗೆ, ಹಿಂದಿನ ವೈವಾಹಿಕ ಸ್ಥಿತಿ ಇವನ್ನು ಕಾಗದಪತ್ರದ ಮೂಲಕವೇ ಖಚಿತಪಡಿಸಿಕೊಳ್ಳಬೇಕು. ಕೇಳಿದರೆ ಬೀಗರು ಬೇಸರಿಸಿಕೊಂಡಾರೆಂಬ ಸಂಕೋಚ ಬೇಡ, ಸತ್ಯವಂತರು ಬೇಸರಿಸುವುದಿಲ್ಲ.

ಎರಡನೆಯದು, ಮದುವೆಯನ್ನು ಇಲ್ಲಿಯೇ ನೋಂದಾಯಿಸಬೇಕು. ಅದಕ್ಕಾಗಿ ನಮ್ಮ ರಾಜ್ಯದಲ್ಲಿ 1976ರ ವಿವಾಹ ನೋಂದಣಿ ಕಾಯಿದೆಯೇ ಇದೆ. ಕಲ್ಯಾಣಮಂಟಪದ ಆಲ್ಬಂ ನ್ಯಾಯಾಲಯದಲ್ಲಿ ನೋಂದಣಿ ಪತ್ರದಷ್ಟು ಬಲವಾಗಿ ನಿಲ್ಲುವುದಿಲ್ಲ.

ಮೂರನೆಯದು, ರಹದಾರಿ, ವೀಸಾ, ವಿವಾಹಪತ್ರ, ಪದವಿಪತ್ರಗಳ ಮೂಲಪ್ರತಿಗಳು ಮಗಳ ಕೈಯಲ್ಲಿಯೇ ಇರಬೇಕು, ನಕಲುಗಳು ತವರಿನಲ್ಲಿರಬೇಕು. ಆಕೆಯ ಹೆಸರಿನಲ್ಲಿಯೇ ಒಂದು ಬ್ಯಾಂಕ್ ಖಾತೆ, ಮರಳಿ ಬರುವ ವಿಮಾನದ ಖರ್ಚಿಗೆ ಸಾಲುವಷ್ಟು ಹಣ ಇರಲಿ. ಆಭರಣಕ್ಕೆಂದು ತೆಗೆದಿಟ್ಟ ಹಣದಲ್ಲಿ ಒಂದು ಪಾಲನ್ನು ಇದಕ್ಕೆ ತಿರುಗಿಸಿದರೆ ನಷ್ಟವೇನೂ ಇಲ್ಲ.

ನಾಲ್ಕನೆಯದು, ಅವಳ ಕಾಯಕ. ಅಲ್ಲಿನ ನಿಯಮ ದುಡಿಯಲು ಬಿಡದಿದ್ದರೂ ಕಲಿಯಲು ಅಡ್ಡಿಯಿಲ್ಲ. ವಾಹನ ನಡೆಸುವುದು, ಆ ನಾಡಿನ ಮಾತು, ಮುಂದಿನ ವ್ಯಾಸಂಗ ಇವುಗಳಲ್ಲಿ ಯಾವುದನ್ನೂ ಬಿಡಬಾರದು. ಲಕ್ಕಮ್ಮನವರ ಮಾತಿಗೆ ಬಲ ಬಂದದ್ದು ಅವರ ಕಾಯಕದಿಂದ.

ಐದನೆಯದು, ನೆರವಿನ ದಾರಿ ತಿಳಿದಿರಬೇಕು. ಅಮೆರಿಕದಲ್ಲಿ ಆಪತ್ತಿಗೆ 911 ಸಂಖ್ಯೆ. ಹೊರದೇಶದಲ್ಲಿ ಗಂಡನಿಂದ ಪರಿತ್ಯಕ್ತರಾದವರ ದೂರುಗಳಿಗೆಂದು ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಪ್ರತ್ಯೇಕ ವಿಭಾಗವಿದೆ. ಭಾರತೀಯ ರಾಯಭಾರ ಕಚೇರಿಗಳೂ ಕಾನೂನಿನ ನೆರವು ದೊರಕಿಸಬಲ್ಲವು. ಪರದೇಶದ ನ್ಯಾಯಾಲಯ ಕೊಟ್ಟ ವಿಚ್ಛೇದನವೆಲ್ಲ ಇಲ್ಲಿ ತಾನಾಗಿ ಊರ್ಜಿತವಾಗದೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ 1991ರಲ್ಲಿಯೇ ಹೇಳಿದೆ. ಹೆದರಿಸುವ ಕಾಗದವೊಂದು ಬಂದೊಡನೆ ಎಲ್ಲ ಮುಗಿಯಿತೆಂದು ಕುಸಿಯಬೇಕಿಲ್ಲ.

ಕೊನೆಯದು ಎಲ್ಲಕ್ಕಿಂತ ಹಗುರ, ಎಲ್ಲಕ್ಕಿಂತ ಭಾರ. ‘ಏನೇ ಆದರೂ ಈ ಮನೆಯ ಬಾಗಿಲು ನಿನಗೆ ತೆರೆದಿದೆ’ ಎಂಬ ಒಂದು ಮಾತು. ಭಾವಚಿತ್ರ ಹಿಡಿದು ಹೋದ ಜಪಾನಿನ ಹುಡುಗಿಯರಲ್ಲಿ ಅನೇಕರು ಮೋಸವೆಂದು ತಿಳಿದ ಮೇಲೂ ಮರಳದೆ ಉಳಿದದ್ದು ಹಡಗಿನ ಖರ್ಚಿಗೆ ಮಾತ್ರ ಹೆದರಿಯಲ್ಲ, ತವರಿನವರ ಮುಖಕ್ಕೆ ಹೆದರಿ. ನಮ್ಮ ಮಗಳು ಹಾಗೆ ಹೆದರುವಂತಾಗಬಾರದು. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆಯನ್ನು ನಮ್ಮ ಮನೆಗಳಿಂದ ಹೊರಗಿಡುವ ಕಾಲ ಬಂದಿದೆ.

ಬ್ಯಾಡರಹಳ್ಳಿಯ ಆ ತಾಯಿಗೆ ಈ ಮಾತನ್ನು ತಿಳಿಸಿದೆವು. ಮಗಳು ಹೊರಟು ಆಗಲೇ ತಿಂಗಳಾಗಿತ್ತು. “ಪೆಟ್ಟಿಗೆ ಕಟ್ಟಿದ್ದಾಗಿಹೋಯಿತಲ್ಲ” ಎಂದು ಒಂದು ಗಳಿಗೆ ಸುಮ್ಮನಾದರು. ಈ ಮಾತಿಗೆ ಪೆಟ್ಟಿಗೆ ಬೇಕಿಲ್ಲವೆಂದೆವು. ಆ ಭಾನುವಾರ ಕರೆ ಬಂದಾಗ ಸಾರಿನ ಪುಡಿಯ ವಿಚಾರಕ್ಕೆ ಮೊದಲು ಆ ಮಾತನ್ನೇ ಹೇಳಿದರಂತೆ. ಅತ್ತ ಮಗಳು ಬಹಳ ಹೊತ್ತು ಮಾತನಾಡಲಿಲ್ಲವಂತೆ, ಆಮೇಲೆ, “ಅಮ್ಮ, ಇದನ್ನ ಮೊದಲೇ ಯಾಕೆ ಹೇಳಲಿಲ್ಲ?” ಎಂದು ಕೇಳಿದಳಂತೆ.

ಹೇಳದೆ ಉಳಿದಿರುವ ತಂದೆತಾಯಂದಿರು ಈ ವಾರವೇ ಹೇಳಲಿ.